ಟೈರ್ ದೊಡ್ಡದಾದರೆ ಸ್ಪೀಡೋಮೀಟರ್ ಏಕೆ ತಪ್ಪುತ್ತದೆ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಸಕಲೇಶಪುರದ ಕಡೆ ಕಾಫಿ ತೋಟ ನೋಡಿಕೊಂಡಿದ್ದಾರೆ. ಮಳೆಗಾಲದ ಕೆಸರಿನಲ್ಲಿ ಹೂತುಹೋಗುತ್ತಿದ್ದ ತಮ್ಮ ಹಳೆಯ ಜೀಪಿಗೆ ಅವರು ದೊಡ್ಡ ಟೈರುಗಳನ್ನು ಹಾಕಿಸಿದರು. ತಿಂಗಳೊಂದು ಕಳೆದ ಮೇಲೆ ಫೋನ್ ಮಾಡಿ, “ಸರ್, ಲೀಟರಿಗೆ 12 ಕಿ.ಮೀ. ಕೊಡುತ್ತಿದ್ದ ಗಾಡಿ ಈಗ 10.2 ಕೊಡುತ್ತಿದೆ. ಟೈರಿನಲ್ಲೇ ಏನೋ ಮೋಸ ಇರಬೇಕು” ಎಂದು ದೂರಿದರು. ಟೈರಿನಲ್ಲಿ ಮೋಸವಿರಲಿಲ್ಲ. ಅವರ ಕಣ್ಣೆದುರಿನ ಮೀಟರೇ ದೂರವನ್ನೂ ವೇಗವನ್ನೂ ಕಡಿಮೆ ತೋರಿಸುತ್ತಿತ್ತು. ದೂರ ಕಡಿಮೆ ತೋರಿಸಿದರೆ ಮನಸ್ಸಿಗೆ ಬೇಸರ, ಅಷ್ಟೆ. ವೇಗವನ್ನು ಕಡಿಮೆ ತೋರಿಸಿದರೆ ಪ್ರಾಣಕ್ಕೇ ಅಪಾಯ.

ಸ್ಪೀಡೋಮೀಟರ್ ಅಳೆಯುವುದು ಏನನ್ನು? ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ “ವೇಗವನ್ನು” ಎಂಬ ಉತ್ತರ ಕೂಡಲೇ ಬರುತ್ತದೆ. ಅದು ಸರಿಯಲ್ಲ. ರಸ್ತೆಗೂ ಮೀಟರಿಗೂ ನೇರ ಸಂಬಂಧವೇ ಇಲ್ಲ. ಸಾಮಾನ್ಯ ಜೀಪಿನಲ್ಲಿ ಗೇರ್‌ಪೆಟ್ಟಿಗೆಯಿಂದ ಚಕ್ರಗಳ ಕಡೆಗೆ ಹೋಗುವ ದಂಡ ಎಷ್ಟು ಬೇಗ ತಿರುಗುತ್ತಿದೆ ಎಂಬುದಷ್ಟೇ ಮೀಟರಿಗೆ ಗೊತ್ತಾಗುವ ಸಂಗತಿ. ಚಕ್ರ ಒಂದು ಸುತ್ತು ತಿರುಗಿದರೆ ವಾಹನ ಇಷ್ಟು ದೂರ ಸಾಗುತ್ತದೆ ಎಂದು ತಯಾರಕರು ಒಮ್ಮೆ ನಿರ್ಧರಿಸಿ, ಅದಕ್ಕೆ ತಕ್ಕಂತೆ ಹಲ್ಲುಚಕ್ರಗಳನ್ನು ಜೋಡಿಸಿಬಿಟ್ಟಿರುತ್ತಾರೆ. ನೀವು ಟೈರ್ ಬದಲಾಯಿಸಿದ್ದೀರಿ ಎಂದು ಮೀಟರಿಗೆ ಯಾರೂ ಹೇಳಿಲ್ಲ!

ಈಗ ಲೆಕ್ಕ ನೋಡೋಣ. ಆ ಜೀಪಿನ ಮೂಲ ಟೈರಿನ ಮೇಲೆ 215/75 ಆರ್ 15 ಎಂದು ಬರೆದಿತ್ತು. 215 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಪಕ್ಕದ ಗೋಡೆಯ ಎತ್ತರ ಅಗಲದ ಶೇ. 75 ಎಂದರ್ಥ. ‘ಆರ್’ ಎಂಬುದು ರೇಡಿಯಲ್ ಟೈರಿನ ಗುರುತು. 15 ಎಂಬುದು ಒಳಗಿನ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾ, ಇಂಚು ಮೂರನ್ನೂ ಬೆರೆಸಿದ ಈ ಪದ್ಧತಿ ಮಾನಗಳ ಪಾಠಕ್ಕೆ ಒಳ್ಳೆಯ ಉದಾಹರಣೆ. 15 ಇಂಚು ಎಂದರೆ 381 ಮಿ.ಮೀ.; ಅದಕ್ಕೆ ಮೇಲೆ, ಕೆಳಗೆ ಎರಡು ಗೋಡೆಗಳ 161.25 ಮಿ.ಮೀ. ಸೇರಿಸಿದರೆ ಹೊರವ್ಯಾಸ 703.5 ಮಿ.ಮೀ. ಹೊಸದಾಗಿ ಹಾಕಿಸಿದ್ದು 31 ಇಂಚು ವ್ಯಾಸದ್ದು, ಅಂದರೆ 787.4 ಮಿ.ಮೀ. ಎರಡರ ಅನುಪಾತ 1.119.

ವ್ಯಾಸವನ್ನು 3.14ರಿಂದ ಗುಣಿಸಿದರೆ ಒಂದು ಸುತ್ತಿನ ದೂರ ಸಿಗಬೇಕಲ್ಲವೆ? ಟೈರಿನ ವಿಷಯದಲ್ಲಿ ಅದು ಪೂರ್ತಿ ನಿಜವಲ್ಲ. ವಾಹನದ ಭಾರಕ್ಕೆ ಟೈರ್ ನೆಲದ ಬಳಿ ಚಪ್ಪಟೆಯಾಗಿ, ಅಚ್ಚು ಸ್ವಲ್ಪ ಕೆಳಗಿಳಿಯುತ್ತದೆ. ಹಾಗೆಂದು ಅಚ್ಚಿನ ಎತ್ತರವನ್ನೇ ತ್ರಿಜ್ಯವೆಂದು ಹಿಡಿದರೂ ತಪ್ಪು. ರೇಡಿಯಲ್ ಟೈರಿನೊಳಗಿನ ಉಕ್ಕಿನ ಪಟ್ಟಿ ಅಷ್ಟು ಸುಲಭವಾಗಿ ಕುಗ್ಗುವುದಿಲ್ಲ. ಉತ್ತರ ಇವೆರಡರ ನಡುವೆ ಇರುತ್ತದೆ. ಆದ್ದರಿಂದ ಟೈರ್ ಎಂಜಿನಿಯರುಗಳು ರೇಡಿಯಲ್ ಟೈರಿಗೆ 3.14ರ ಬದಲು 3.05ರಿಂದ ಗುಣಿಸುತ್ತಾರೆ. ಆಗ ಹಳೆಯ ಟೈರಿಗೆ ಒಂದು ಸುತ್ತಿಗೆ 2.146 ಮೀಟರ್, ಹೊಸದಕ್ಕೆ 2.402 ಮೀಟರ್. ಒಂದು ಕಿ.ಮೀ. ಸಾಗಲು ಹಳೆಯದು 466 ಸುತ್ತು ತಿರುಗಬೇಕಿತ್ತು, ಹೊಸದಕ್ಕೆ 416 ಸಾಕು. ಮೀಟರು ಮಾತ್ರ 466 ಸುತ್ತು ಆಗುವವರೆಗೆ ಕಾಯುತ್ತದೆ. ಅಷ್ಟರಲ್ಲಿ ಜೀಪು 1119 ಮೀಟರ್ ಹೋಗಿರುತ್ತದೆ.

ಮೈಲೇಜಿನ ದೂರಿಗೆ ಇಲ್ಲೇ ಉತ್ತರವಿದೆ. 40 ಲೀಟರ್ ಡೀಸೆಲಿಗೆ ಮೀಟರಿನಲ್ಲಿ 408 ಕಿ.ಮೀ. ಎಂದು ಬಂದಾಗ ಗಾಡಿ ನಿಜವಾಗಿ ಸಾಗಿದ್ದು ಸುಮಾರು 457. ಅಂದರೆ ಲೀಟರಿಗೆ 11.4. ಟೈರ್ ಭಾರವಾದದ್ದರಿಂದ 0.6 ನಷ್ಟವಾಗಿದ್ದಿರಬಹುದು, ಉಳಿದ 1.2 ಕಿ.ಮೀ. ಲೆಕ್ಕದಲ್ಲಿ ಕಳೆದುಹೋಗಿತ್ತು, ರಸ್ತೆಯಲ್ಲಿ ಅಲ್ಲ.

ಲೆಕ್ಕವನ್ನು ನಂಬಿ ಕೂರುವುದು ಭೌತವಿಜ್ಞಾನಿಯ ಸ್ವಭಾವವಲ್ಲ. ಒಂದು ಭಾನುವಾರ ಬೆಳಿಗ್ಗೆ ಹಾಸನ–ಸಕಲೇಶಪುರ ಹೆದ್ದಾರಿಗೆ ಹೋದೆವು. ಅವರು ಮುಳ್ಳನ್ನು 60ರಲ್ಲೇ ಇಟ್ಟು ಓಡಿಸಬೇಕು, ನಾನು ಪಕ್ಕದಲ್ಲಿ ಕುಳಿತು ಕಿಲೋಮೀಟರ್ ಕಲ್ಲುಗಳನ್ನೂ ಸ್ಟಾಪ್‌ವಾಚನ್ನೂ ನೋಡಬೇಕು. (ಓಡಿಸುವವರೇ ಎರಡೂ ಕೆಲಸ ಮಾಡುವುದು ಖಂಡಿತ ಕೂಡದು.) ಒಂದೇ ಕಿ.ಮೀ. ಅಳೆದರೆ ಗುಂಡಿ ಒತ್ತುವುದರಲ್ಲಿ ಆಗುವ ಒಂದು ಸೆಕೆಂಡಿನ ತಪ್ಪು ಶೇ. 2ರಷ್ಟಾಗುತ್ತದೆ, 5 ಕಿ.ಮೀ. ಅಳೆದರೆ ಶೇ. 0.4ಕ್ಕೂ ಕಡಿಮೆ. 5 ಕಿ.ಮೀ.ಗೆ ಹಿಡಿದ ಕಾಲ 282 ಸೆಕೆಂಡ್. ಅಂದರೆ ನಿಜವಾದ ವೇಗ ಗಂಟೆಗೆ 63.8 ಕಿ.ಮೀ. ಮೊಬೈಲಿನ ಜಿಪಿಎಸ್ ಕೂಡ 64 ಎಂದೇ ತೋರಿಸುತ್ತಿತ್ತು. ಉಪಗ್ರಹದ ಸಂಕೇತಗಳಲ್ಲಿ ಆಗುವ ಡಾಪ್ಲರ್ ವ್ಯತ್ಯಾಸದಿಂದ ವೇಗವನ್ನು ಕಂಡುಹಿಡಿಯುವ ಅದಕ್ಕೆ ಟೈರಿನ ಗೊಡವೆಯೇ ಇಲ್ಲ. ಆದರೆ ವೇಗ ಏರಿಳಿಯುವಾಗ ಅದು ಕ್ಷಣಕಾಲ ಹಿಂದೆ ಬೀಳುತ್ತದೆ. ಒಂದೇ ವೇಗದಲ್ಲಿ ಹೋಗುವಾಗ ಮಾತ್ರ ಓದಿಕೊಳ್ಳಿ.

ಇಲ್ಲೊಂದು ತೊಡಕು ಬಂತು. ಅನುಪಾತ 1.119 ಆದರೆ ವೇಗ 67 ಇರಬೇಕಿತ್ತಲ್ಲ, 64 ಏಕೆ? 20 ಕಿ.ಮೀ. ಓಡಿಸಿ ಓಡೋಮೀಟರ್ ನೋಡಿದೆವು. ಅದು 17.9 ತೋರಿಸಿತು. 20ನ್ನು 17.9ರಿಂದ ಭಾಗಿಸಿದರೆ 1.117, ನಮ್ಮ ಲೆಕ್ಕಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಒಂದೇ ಪೆಟ್ಟಿಗೆಯೊಳಗೆ, ಒಂದೇ ಕೇಬಲಿನಿಂದ ತಿರುಗುವ ಎರಡು ಮೀಟರುಗಳಲ್ಲಿ ಎರಡು ಬಗೆಯ ತಪ್ಪು!

ಕಾರಣ ತಿಳಿಯಲು ಪೆಟ್ಟಿಗೆಯ ಒಳಗೆ ಇಣುಕಬೇಕು. 1902ರಲ್ಲಿ ಜರ್ಮನಿಯ ಒಟ್ಟೊ ಶುಲ್ಜೆ ಪೇಟೆಂಟ್ ಪಡೆದ ಉಪಾಯ ಇದು. ಕೇಬಲಿನ ತುದಿಯಲ್ಲಿ ಒಂದು ಕಾಂತ ತಿರುಗುತ್ತದೆ. ಅದನ್ನು ಮುಟ್ಟದೆ ಸುತ್ತುವರಿದ ಅಲ್ಯೂಮಿನಿಯಂ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಪ್ರವಾಹಗಳು ಹುಟ್ಟುತ್ತವೆ. ಲೆಂಜ್ ನಿಯಮದಂತೆ ಅವು ಬಟ್ಟಲನ್ನು ಕಾಂತದ ಜೊತೆಗೆ ಎಳೆದೊಯ್ಯಲು ನೋಡುತ್ತವೆ. ಈ ತಿರುಗಿಸುವ ಬಲ ಕಾಂತದ ವೇಗಕ್ಕೆ ಅನುಲೋಮವಾಗಿರುತ್ತದೆ. ತಡೆಯುವ ಕೂದಲೆಳೆಯಂಥ ಸ್ಪ್ರಿಂಗಿನ ಬಲ ತಿರುಗಿದ ಕೋನಕ್ಕೆ ಅನುಲೋಮವಾಗಿರುತ್ತದೆ. ಎರಡೂ ಸಮವಾದ ಕಡೆ ಮುಳ್ಳು ನಿಲ್ಲುತ್ತದೆ. ಓಡೋಮೀಟರಿನಲ್ಲಿ ಇಂಥ ತೂಗಾಟವೇ ಇಲ್ಲ, ಹಲ್ಲುಚಕ್ರಗಳು ಸುತ್ತುಗಳನ್ನು ಎಣಿಸುತ್ತವೆ, ಅಷ್ಟೆ.

ಈ ಮುಳ್ಳನ್ನು ತಯಾರಕರು ಬೇಕೆಂದೇ ಸ್ವಲ್ಪ ಹೆಚ್ಚು ತೋರಿಸುವಂತೆ ಇಟ್ಟಿರುತ್ತಾರೆ. ವಿಶ್ವಸಂಸ್ಥೆಯ 39ನೆಯ ವಾಹನ ನಿಯಮದ ಪ್ರಕಾರ ಮೀಟರು ತೋರಿಸುವ ವೇಗ ನಿಜವಾದ ವೇಗಕ್ಕಿಂತ ಎಂದೂ ಕಡಿಮೆ ಇರಕೂಡದು. ಹೆಚ್ಚೆಂದರೆ ನಿಜ ವೇಗದ ಹತ್ತನೆಯ ಒಂದು ಭಾಗ ಮತ್ತು 4 ಕಿ.ಮೀ.ನಷ್ಟು ಹೆಚ್ಚಿರಬಹುದು. ನಿಜ ವೇಗ 80 ಇದ್ದಾಗ ಮುಳ್ಳು 92ರವರೆಗೆ ಹೋಗಬಹುದು, 79ಕ್ಕೆ ಇಳಿಯುವಂತಿಲ್ಲ. ಟೈರ್ ಸವೆದರೆ ಮೀಟರು ಇನ್ನೂ ಸ್ವಲ್ಪ ಹೆಚ್ಚು ತೋರಿಸುತ್ತದೆ. 8 ಮಿ.ಮೀ. ಇದ್ದ ಟೈರಿನ ಅಚ್ಚು 1.6ಕ್ಕೆ ಬಂದರೆ ಸುಮಾರು ಶೇ. 1.8 ವ್ಯತ್ಯಾಸ. ನಮ್ಮ ಜೀಪಿನ ಮುಳ್ಳು ಮೊದಲು ಸುಮಾರು ಶೇ. 5 ಹೆಚ್ಚು ತೋರಿಸುತ್ತಿದ್ದಿರಬೇಕು: 60 ಎಂದಾಗ 57. ಆ 57 ಈಗ 63.8 ಆಗಿದೆ. ತೊಡಕು ಬಿಡಿಸಿತು. ದೊಡ್ಡ ಟೈರು ಆ ರಕ್ಷಣೆಯನ್ನು ನುಂಗಿ ಮುಂದೆ ಹೋಗಿತ್ತು.

ಸರಿಪಡಿಸುವುದು ಹೇಗೆ? ಮುಳ್ಳನ್ನು ಕಿತ್ತು 64ರ ಮೇಲೆ ಮತ್ತೆ ಕೂರಿಸುತ್ತೇನೆ ಎಂದು ಮೆಕ್ಯಾನಿಕ್ ಹೇಳಿದ. ಬಹಳ ಕಡೆ ಇದೇ ಮಾಡುತ್ತಾರೆ. ಇದು ಕೆಟ್ಟ ಉಪಾಯ. ನಿಜ ವೇಗವನ್ನು ಅಡ್ಡಗೆರೆಯಲ್ಲೂ ಮೀಟರಿನ ವೇಗವನ್ನು ಲಂಬಗೆರೆಯಲ್ಲೂ ಗುರುತಿಸಿ ನಕ್ಷೆ ಬರೆಯಿರಿ. ಟೈರಿನಿಂದ ಬದಲಾಗಿರುವುದು ರೇಖೆಯ ಓರೆ. ಮುಳ್ಳನ್ನು ಸರಿಸಿದರೆ ಇಡೀ ರೇಖೆ ಮೇಲೇಳುತ್ತದೆ, ಓರೆ ಹಾಗೆಯೇ ಉಳಿಯುತ್ತದೆ. ನಿಂತ ಗಾಡಿ 4 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ, 60ರ ಬಳಿ ಸರಿಯಿರುತ್ತದೆ, 100ರ ಬಳಿ ಮತ್ತೆ ಕಡಿಮೆ ತೋರಿಸುತ್ತದೆ. ಓಡೋಮೀಟರಿಗಂತೂ ಏನೂ ಆಗುವುದಿಲ್ಲ.

ತಪ್ಪು ಗುಣಾಕಾರದ್ದು, ಗುಣಾಕಾರದಿಂದಲೇ ತಿದ್ದಬೇಕು. ಕೇಬಲಿನ ಬುಡದಲ್ಲಿ ಅದನ್ನು ತಿರುಗಿಸುವ ಸಣ್ಣ ಹಲ್ಲುಚಕ್ರವೊಂದಿದೆ. ಈ ಜೀಪಿನಲ್ಲಿ ಅದಕ್ಕೆ 20 ಹಲ್ಲು. ಹಲ್ಲು ಕಡಿಮೆಯಾದಷ್ಟೂ ಕೇಬಲ್ ಬೇಗ ತಿರುಗುತ್ತದೆ. 20ನ್ನು 1.119ರಿಂದ ಭಾಗಿಸಿದರೆ 17.9. ಅರ್ಧಂಬರ್ಧ ಹಲ್ಲು ಸಿಗುವುದಿಲ್ಲವಾದ್ದರಿಂದ 18 ಹಲ್ಲಿನದನ್ನು ಹುಡುಕಿ ಹಾಕಿಸಿದೆವು. ಮತ್ತೆ 20 ಕಿ.ಮೀ. ಓಡಿಸಿದಾಗ ಓಡೋಮೀಟರ್ 19.9 ಎಂದಿತು. ಮುಳ್ಳಿನ ಮೂಲ ರಕ್ಷಣೆಯೂ ಮರಳಿತು. ಜಿಪಿಎಸ್‌ಗೆ ಸರಿಹೊಂದುವಂತೆ ಮುಳ್ಳನ್ನು ಎಳೆಯಲು ಹೋಗಬೇಡಿ. ಓಡೋಮೀಟರನ್ನು ಸರಿಮಾಡಿ, ಮುಳ್ಳು ತಾನಾಗಿ ತನ್ನ ಜಾಗಕ್ಕೆ ಬರುತ್ತದೆ.

ಇಂದಿನ ವಾಹನಗಳಲ್ಲಿ ಕೇಬಲ್ ಇಲ್ಲ. ಸಂವೇದಕವೊಂದು ಹಲ್ಲುಗಳನ್ನು ವಿದ್ಯುತ್ ಮಿಡಿತಗಳಾಗಿ ಎಣಿಸುತ್ತದೆ, ಕಂಪ್ಯೂಟರ್ ಅದನ್ನು ಟೈರಿನ ಸುತ್ತಳತೆಯಿಂದ ಗುಣಿಸುತ್ತದೆ. ಅಧಿಕೃತ ಉಪಕರಣದಿಂದ ಆ ಒಂದು ಸಂಖ್ಯೆಯನ್ನು ಬದಲಾಯಿಸಿದರೆ ಅದೇ ಅಂಶಾಂಕನ.

ಇನ್ನು ಪ್ರಾಣಾಪಾಯದ ಮಾತು. ಮೀಟರು ಸರಿಹೋಗುವ ಮೊದಲು, ಮುಳ್ಳು 80 ಎಂದಾಗ ಜೀಪಿನ ನಿಜ ವೇಗ ಹಿಂದಿನದಕ್ಕಿಂತ 1.119 ಪಟ್ಟು ಇತ್ತು. ಚಲನ ಶಕ್ತಿ ವೇಗದ ವರ್ಗಕ್ಕೆ ಅನುಲೋಮವಾದ್ದರಿಂದ ಅದು 1.25 ಪಟ್ಟು. ಬ್ರೇಕಿನ ಟಾರ್ಕ್ ಹಿಂದಿನಷ್ಟೇ ಇದ್ದರೂ ತ್ರಿಜ್ಯ ಹೆಚ್ಚಿರುವುದರಿಂದ ರಸ್ತೆಯ ಮೇಲೆ ಸಿಗುವ ತಡೆಬಲ 1.119ರಿಂದ ಭಾಗವಾಗುತ್ತದೆ. ಕಾಲಿನ ಒತ್ತಡ ಅಷ್ಟೇ ಇದ್ದರೆ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ 1.40 ಪಟ್ಟು! ಹಿಂದೆ 50 ಮೀಟರಿನಲ್ಲಿ ನಿಲ್ಲುತ್ತಿದ್ದ ಗಾಡಿಗೆ ಈಗ 70 ಬೇಕು. ಶಿರಾಡಿ ಘಾಟಿಯ ತಿರುವುಗಳಲ್ಲಿ ಆ 20 ಮೀಟರ್ ಎಲ್ಲಿಂದ ತರುವುದು? ಮೀಟರನ್ನು ಸರಿಪಡಿಸಿದ್ದರಿಂದ ವೇಗದ ಪಾಲು ಹೋಯಿತು. ತ್ರಿಜ್ಯದ ಪಾಲು ಹೋಗಲಿಲ್ಲ. ಇದಲ್ಲದೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ಒಪ್ಪುವುದಿಲ್ಲ.

ಈ ಲೆಕ್ಕವನ್ನು ತೋರಿಸಿದ ಮೇಲೆ ನನ್ನ ವಿದ್ಯಾರ್ಥಿ ಬಹಳ ಹೊತ್ತು ಮಾತಾಡಲಿಲ್ಲ. ಈಗ 31 ಇಂಚಿನ ಟೈರುಗಳು ತೋಟದೊಳಗಿನ ಟ್ರೇಲರಿಗೆ ಹೋಗಿವೆ. ಜೀಪಿಗೆ ಬಂದಿರುವುದು 235/75 ಆರ್ 15. ಹಳೆಯ 20 ಹಲ್ಲಿನ ಚಕ್ರ ಇನ್ನೂ ಅವರ ಸಾಮಾನಿನ ಪೆಟ್ಟಿಗೆಯಲ್ಲಿದೆ. 18ರದನ್ನು ಹಾಗೆಯೇ ಬಿಡಬೇಕೆ, 20ರದನ್ನು ಮರಳಿ ಹಾಕಬೇಕೆ, ಅಥವಾ 19ರದನ್ನು ಹುಡುಕಬೇಕೆ? ಒಂದೊಂದರಲ್ಲೂ ಮುಳ್ಳು 80 ಎಂದಾಗ ನಿಜ ವೇಗ ಎಷ್ಟು, 100 ಕಿ.ಮೀ.ಗೆ ಓಡೋಮೀಟರ್ ಎಷ್ಟು ತೋರಿಸುತ್ತದೆ ಎಂದು ನಿಮ್ಮ ತರಗತಿಯಲ್ಲಿ ಲೆಕ್ಕ ಹಾಕಿಸಿ ನೋಡಿ.