ಬಚ್ಚಲೊಲೆಯ ಹೊಗೆಗೂಡು ಬಿರುಕುಬಿಟ್ಟರೆ

ಅಡುಗೆಗೆ ಗ್ಯಾಸು ಬಂದರೂ ಕಾಸರಗೋಡು ಕಡೆಯ ತೋಟದ ಮನೆಗಳಲ್ಲಿ ಬಚ್ಚಲೊಲೆ ಆರಿಲ್ಲ. ಅಡಿಕೆ ಸೋಗೆ, ತೆಂಗಿನ ಮಡಲು ಇರುವಷ್ಟು ಕಾಲ ಆರುವುದೂ ಇಲ್ಲ. ಆದರೆ ಹಸಿ ಸೌದೆ ಉರಿಸಿದಷ್ಟೂ ಹೊಗೆಗೂಡಿನೊಳಗೆ ಜಿಗುಟು ಮಸಿ ಕಟ್ಟುತ್ತದೆ. ಉರಿ ಜೋರಾದ ದಿನ ಆ ಮಸಿಗೇ ಬೆಂಕಿ ಹಿಡಿಯುವುದುಂಟು. ಗೂಡು ಬಿರುಕುಬಿಟ್ಟಿದ್ದರೆ ಅದು ಮಾಡಿನ ಪಕಾಸಿಗೆ ತಲಪಲು ಎಷ್ಟು ಹೊತ್ತು ಬೇಕು?

ಮಳೆಗಾಲಕ್ಕೆ ಮುಂಚೆ ಒಮ್ಮೆ ಪರೀಕ್ಷಿಸಿ. ಆಸ್ಬೆಸ್ಟಾಸ್ ಕೊಳವೆಯಾದರೆ ಉಜ್ಜುವುದು, ಕೊರೆಯುವುದು ಬೇಡವೇ ಬೇಡ. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಮುರಕಲ್ಲಿನ ಅಥವಾ ಇಟ್ಟಿಗೆಯ ಗೂಡಾದರೆ, ಒಲೆ ತಣ್ಣಗಿರುವಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಿದಿರಿಗೆ ಗೋಣಿ ಸುತ್ತಿ ಮಸಿ ಉದುರಿಸಿ. ಬಳಿಕ ಬಾಗಿಲು ಕಿಟಕಿ ತೆರೆದಿಟ್ಟು ಒಂದು ಹಿಡಿ ಒದ್ದೆ ಹುಲ್ಲಿಗೆ ಬೆಂಕಿ ಕೊಡಿ. ಹೊಗೆ ಸೋರುವಲ್ಲೆಲ್ಲ ಸುಣ್ಣದ ಬೊಟ್ಟಿಡಿ.

ಮರುದಿನ ಸಡಿಲ ಗಾರೆ ಕೆರೆದು, ನೀರು ಚಿಮುಕಿಸಿ, ಜರಡಿ ಹಿಡಿದ ಜೇಡಿಮಣ್ಣು ಒಂದು ಪಾಲು, ಮರಳು ಎರಡು ಪಾಲು ಕಲಸಿ ಒತ್ತಿ ತುಂಬಿ. ಉರಿಯ ಹತ್ತಿರ ಸಿಮೆಂಟು ಬೇಡ. ಗಟ್ಟಿಯೆಂದು ನಾವು ನಂಬುತ್ತೇವೆ, ಬಿಸಿಗೆ ಅದೇ ಮೊದಲು ಸೀಳುತ್ತದೆ. ಮಾಡಿನ ಮೇಲೆ, ಮಳೆ ಬೀಳುವ ಭಾಗಕ್ಕೆ ಸಿಮೆಂಟಾದೀತು. ನಾಲ್ಕೈದು ದಿನ ಒಣಗಿದ ಮೇಲೆ ಸಣ್ಣ ಉರಿಯಿಂದ ಶುರುಮಾಡಿ. ಕಲ್ಲೇ ಅಲುಗಿದ್ದರೆ, ಗೂಡು ವಾಲಿದ್ದರೆ ಮಾತ್ರ ಮೇಸ್ತ್ರಿಯನ್ನೇ ಕರೆಯಿರಿ.

ಸ್ನಾನಕ್ಕೆ ಹೋದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಪಿತ್ತವೆಂದು ಕಷಾಯ ಕೊಟ್ಟು ಮಲಗಿಸಬೇಡಿ. ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿರಬಹುದು. ಕೂಡಲೇ ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಒಯ್ಯಿರಿ. ಗೂಡು ಸರಿಯಾಗುವವರೆಗೆ ಆ ಒಲೆಗೆ ಬೆಂಕಿ ಹಾಕಬೇಡಿ.