‘ಗ್ರೌಂಡ್’ ಅಂದ್ರೆ ಬರೀ ನೆಲ ಅಲ್ಲ: ಆಟದ ಬಯಲಿನಿಂದ ಕೋರ್ಟ್‌ವರೆಗೆ ಒಂದು ಪದ

ಇಂದಿನ ಸಂಚಿಕೆಯ ಪದ ‘ಗ್ರೌಂಡ್’. ಇದಕ್ಕೆ ಡಿಕ್ಷನರಿ ಯಾಕೆ ಬೇಕು ಅಂತ ನೀವು ಕೇಳಬಹುದು. ಮಕ್ಕಳು ಸಂಜೆ ಗ್ರೌಂಡ್‌ಗೆ ಹೋಗ್ತಾರೆ, ಬಾಡಿಗೆ ಮನೆ ಗ್ರೌಂಡ್ ಫ್ಲೋರ್‌ನಲ್ಲಿ ಸಿಗುತ್ತೆ, ಟಿವಿಯವರು ಗ್ರೌಂಡ್ ರಿಪೋರ್ಟ್ ಕೊಡ್ತಾರೆ. ಆದರೆ ಪೊಲೀಸರು ಬಂಧಿಸಿದ ವ್ಯಕ್ತಿಯ ಕೈಗೆ ಕೊಡಬೇಕಾದ ಕಾಗದದಲ್ಲೂ ಇದೇ ಪದ ಇರುತ್ತೆ. ಅಲ್ಲಿ ಅದನ್ನು ‘ನೆಲ’ ಅಂತ ಓದಿದರೆ ಏನೂ ಗೊತ್ತಾಗಲ್ಲ. ‘ಕಾರಣ’ ಅಂತ ಓದಿದರೂ ಪೂರ್ತಿ ಸರಿಹೋಗಲ್ಲ. ಆ ವಿಷಯಕ್ಕೆ ಆಮೇಲೆ ಬರೋಣ.

ಹಳೆಯ ಇಂಗ್ಲಿಷ್‌ನಲ್ಲಿ ಈ ಪದದ ರೂಪ ‘ಗ್ರುಂಡ್’. ತಳ, ಅಡಿಪಾಯ, ಭೂಮಿಯ ಮೇಲ್ಮೈ ಎಲ್ಲವೂ ಅದರ ಅರ್ಥಗಳೇ. ಈ ‘ತಳ’ ಅನ್ನೋ ಅರ್ಥ ಇನ್ನೂ ಸತ್ತಿಲ್ಲ. 2021ರ ಮಾರ್ಚ್‌ನಲ್ಲಿ ‘ಎವರ್ ಗಿವನ್’ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡಡ್ಡ ಸಿಕ್ಕಿಹಾಕಿಕೊಂಡು ಆರು ದಿನ ದಾರಿ ಬಂದ್ ಆಗಿತ್ತಲ್ಲ, ಆಗ ಇಂಗ್ಲಿಷ್ ಪತ್ರಿಕೆಗಳು ಹಡಗು ‘ರ‍್ಯಾನ್ ಅಗ್ರೌಂಡ್’ ಎಂದು ಬರೆದವು. ಅಂದರೆ ಹಡಗಿನ ಅಡಿಭಾಗ ನೀರಿನ ತಳಕ್ಕೆ ತಾಗಿ ಕೂತಿತು ಅಂತ. ಕಾಫಿ ಫಿಲ್ಟರ್‌ನಲ್ಲಿ ಉಳಿಯುವ ಚರಟಕ್ಕೂ ‘ಕಾಫಿ ಗ್ರೌಂಡ್ಸ್’ ಅಂತಾರೆ. ತಳದಲ್ಲಿ ನಿಲ್ಲುವ ಗಸಿಗೆ ಇಂಗ್ಲಿಷ್‌ನಲ್ಲಿ ಹಿಂದಿನಿಂದಲೂ ಇದೇ ಹೆಸರು. ಇನ್ನು ಅಂಗಡಿಯ ಪ್ಯಾಕೆಟ್ ಮೇಲಿನ ‘ಗ್ರೌಂಡ್ ಕಾಫಿ’ ಇದೆಯಲ್ಲ, ಅದು ಬೇರೆಯೇ ಪದ: ಬೀಸು, ಪುಡಿ ಮಾಡು ಎನ್ನುವ ‘ಗ್ರೈಂಡ್’ ಕ್ರಿಯಾಪದದ ಭೂತಕಾಲದ ರೂಪ. ಎರಡೂ ಒಂದೇ ಅಡುಗೆಮನೆಯಲ್ಲಿ ಸೇರಿಕೊಂಡು ನಮ್ಮನ್ನು ಗೊಂದಲಕ್ಕೆ ಬೀಳಿಸ್ತವೆ.

‘ಗ್ರೌಂಡ್‌ನಟ್’ ಎಂಬ ಹೆಸರಲ್ಲಿ ಗೊಂದಲವಿಲ್ಲ. ಹೂವು ಮೇಲೆ ಅರಳಿದರೂ ಕಾಯಿ ಬಲಿಯೋದು ಮಣ್ಣಿನೊಳಗೆ. ನಮ್ಮವರೂ ಅದನ್ನೇ ನೋಡಿ ‘ನೆಲಗಡಲೆ’ ಅಂದರು.

ವಿದ್ಯುತ್ತಿನ ವಿಷಯಕ್ಕೆ ಬಂದರೆ, ಅಮೆರಿಕದವರು ‘ಗ್ರೌಂಡ್ ವೈರ್’ ಅನ್ನುವುದನ್ನೇ ಬ್ರಿಟಿಷರೂ ನಾವೂ ‘ಅರ್ತ್’ ಅಂತೀವಿ. ಮೂರು ಪಿನ್ ಪ್ಲಗ್ ತೆಗೆದು ನೋಡಿ, ಮೇಲಿನ ಪಿನ್ ಉಳಿದೆರಡಕ್ಕಿಂತ ಉದ್ದ ಇರುತ್ತೆ. ಪ್ಲಗ್ ಹಾಕುವಾಗ ಮೊದಲು ನೆಲದ ಸಂಪರ್ಕ ಸಿಗಲಿ, ಆಮೇಲೆ ಕರೆಂಟ್ ಬರಲಿ ಅನ್ನೋದು ಅದರ ಉದ್ದೇಶ. ಅಮೆರಿಕದಿಂದ ತಂದ ಉಪಕರಣದ ಕೈಪಿಡಿಯಲ್ಲಿ ‘ಗ್ರೌಂಡ್’ ಅಂತ ಬರೆದಿದ್ದರೆ ಅದು ನಮ್ಮ ಅರ್ತಿಂಗೇ. ಅಸಡ್ಡೆ ಮಾಡಬೇಡಿ, ಅಲ್ಲಿ ಜೀವದ ಪ್ರಶ್ನೆ ಇದೆ.

ಇದೇ ಪದ ಕ್ರಿಯಾಪದವಾದಾಗ ‘ತಡೆದು ನಿಲ್ಲಿಸು’ ಎಂಬ ಅರ್ಥವೂ ಬರುತ್ತೆ. 2019ರಲ್ಲಿ ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳನ್ನು ಜಗತ್ತಿನಾದ್ಯಂತ ‘ಗ್ರೌಂಡ್’ ಮಾಡಿದಾಗ ಕನ್ನಡ ಪತ್ರಿಕೆಗಳು ‘ಹಾರಾಟ ಸ್ಥಗಿತ’ ಎಂದವು. ಸರಿಯಾದ ಅನುವಾದವೇ.

ಈಗ ಕೋರ್ಟ್ ವಿಷಯ. ಅಡಿಪಾಯ ಎಂಬ ಹಳೆಯ ಅರ್ಥದಿಂದಲೇ ಒಂದು ಮಾತು ಅಥವಾ ತೀರ್ಮಾನ ನಿಂತಿರುವ ‘ಆಧಾರ’ ಎಂಬ ಅರ್ಥ ಬಂತು. ಈ ಅರ್ಥದಲ್ಲಿ ಹೆಚ್ಚಾಗಿ ‘ಗ್ರೌಂಡ್ಸ್’ ಅಂತ ಬಹುವಚನವೇ ಬಳಕೆ. ‘ಆನ್ ಮೆಡಿಕಲ್ ಗ್ರೌಂಡ್ಸ್’ ಜಾಮೀನು ಅಂದರೆ ಅನಾರೋಗ್ಯದ ಆಧಾರದ ಮೇಲೆ. ಕನ್ನಡದಲ್ಲಿ ‘ಬುಡವಿಲ್ಲದ ಮಾತು’ ಅಂತೀವಲ್ಲ, ಇಂಗ್ಲಿಷ್‌ನ ‘ಗ್ರೌಂಡ್‌ಲೆಸ್’ ಅದೇ.

ಸಂವಿಧಾನದ 22ನೇ ವಿಧಿ ಪ್ರಕಾರ, ಬಂಧಿತ ವ್ಯಕ್ತಿಗೆ ಬಂಧನದ ‘ಗ್ರೌಂಡ್ಸ್’ ಅನ್ನು ಆದಷ್ಟು ಬೇಗ ತಿಳಿಸಬೇಕು. ಬಾಯಲ್ಲಿ ಹೇಳಿದರೆ ಸಾಕೇ? 2023ರ ಅಕ್ಟೋಬರ್‌ನಲ್ಲಿ ಪಂಕಜ್ ಬನ್ಸಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇ.ಡಿ. ಬಂಧಿಸಿದರೆ ಲಿಖಿತವಾಗಿಯೇ ಕೊಡಬೇಕು ಎಂದಿತು. 2024ರ ಮೇನಲ್ಲಿ ಪ್ರಬೀರ್ ಪುರಕಾಯಸ್ಥ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ರೀಸನ್ಸ್’ ಬೇರೆ, ‘ಗ್ರೌಂಡ್ಸ್’ ಬೇರೆ ಅಂತ ಬಿಡಿಸಿ ಹೇಳಿತು. ಸಾಕ್ಷ್ಯ ನಾಶ ತಡೆಯಲು, ತನಿಖೆ ಸರಿಯಾಗಿ ನಡೆಸಲು ಬಂಧಿಸಿದ್ದೇವೆ ಅನ್ನೋದು ‘ರೀಸನ್’. ಅದು ಯಾವ ಆರೋಪಿಗಾದರೂ ಅನ್ವಯಿಸುವ, ಅಚ್ಚು ಹಾಕಿದ ಮಾತು. ‘ಗ್ರೌಂಡ್ಸ್’ ಅಂದರೆ ಈ ವ್ಯಕ್ತಿಯನ್ನೇ ಬಂಧಿಸಲು ಪೊಲೀಸರ ಬಳಿ ಇರುವ ನಿರ್ದಿಷ್ಟ ಸಂಗತಿಗಳು. ಅವು ಗೊತ್ತಿಲ್ಲದಿದ್ದರೆ ವಕೀಲರು ಯಾವುದಕ್ಕೆ ಉತ್ತರ ಕೊಡಬೇಕು? ಪುರಕಾಯಸ್ಥ ಅವರ ಬಂಧನವೇ ಅಸಿಂಧುವಾಯಿತು.

ಹಾಗಂತ ಈ ಪದ ಹೇಳಿದ ಕೂಡಲೇ ಜೈಲಿನ ಬಾಗಿಲು ತೆರೆಯುತ್ತೆ ಅಂತಲ್ಲ. ನಟ ದರ್ಶನ್ ಪ್ರಕರಣದಲ್ಲೂ ಇದೇ ಚರ್ಚೆ ಆಗಿತ್ತು. 2024ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಕೊಟ್ಟ ಜಾಮೀನನ್ನು 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು.

ನಮ್ಮ ಪತ್ರಿಕೆಗಳಲ್ಲಿ ‘ರೀಸನ್ಸ್’, ‘ಗ್ರೌಂಡ್ಸ್’ ಎರಡಕ್ಕೂ ‘ಕಾರಣ’ ಎಂದೇ ಬರೆದುಬಿಡುವುದುಂಟು. ಮೊದಲನೆಯದಕ್ಕೆ ‘ಕಾರಣ’, ಎರಡನೆಯದಕ್ಕೆ ‘ಆಧಾರ’ ಅಂತ ಬಳಸಿದರೆ ಓದುಗರಿಗೆ ವ್ಯತ್ಯಾಸ ತಿಳಿದೀತು. ಇದು ಈಗ ಬರೀ ಅನುವಾದಕರ ಚಿಂತೆಯೂ ಅಲ್ಲ. ಈ ಆಧಾರಗಳನ್ನು ಬಂಧಿತ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲೇ ಬರೆದು ಕೊಡಬೇಕು ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕನ್ನಡ ಮಾತ್ರ ಬಲ್ಲವರಿಗೆ ಆ ಕಾಗದ ಕನ್ನಡದಲ್ಲೇ ಬರಬೇಕು.