ರಂಧಾದ ಅಲಗು: ಕೂಡಿ ತರಿಸುವ ಬಗೆ

ರೋಹಿಣಿ ಮಳೆಗೆ ಮೊದಲು ಬಡಿಗೇರರ ಕಟ್ಟೆಯ ಮುಂದೆ ಕೂರಿಗೆ, ಕುಂಟಿ, ನೊಗಗಳು ಬಂದು ಬೀಳುವುದು ನವಲಗುಂದ, ಕುಂದಗೋಳದ ಎರೆಸೀಮೆಯಲ್ಲಿ ಹಳೆಯ ರೂಢಿ. ಟ್ರ್ಯಾಕ್ಟರ್ ಬಂದ ಮೇಲೆ ಈ ಕೆಲಸ ಕಡಿಮೆಯಾಗಿದೆಯೇ ಹೊರತು ನಿಂತಿಲ್ಲ. ಎಡೆಕುಂಟಿ ಹೊಡೆಯಲು ಇಂದಿಗೂ ಎತ್ತೇ ಬೇಕೆನ್ನುವ ರೈತರು ಪ್ರತಿ ಊರಲ್ಲಿಯೂ ಇದ್ದಾರೆ. ಹಸಿ ಇದ್ದಾಗಲೇ ಬಿತ್ತಬೇಕು. ಬಡಿಗನ ಕಟ್ಟೆಯ ಮೇಲೆ ಕೂರಿಗೆ ನಾಲ್ಕು ದಿನ ಹೆಚ್ಚು ಉಳಿದರೆ ಹದ ತಪ್ಪಿತೆಂದೇ ಲೆಕ್ಕ. ಆದ್ದರಿಂದ, ರೈತ ಬಾಂಧವರೇ, ರಂಧಾದ ಅಲಗಿನ ಈ ಮಾತು ಬಡಿಗರಿಗೆ ಮಾತ್ರ ಸಂಬಂಧಿಸಿದ್ದೆಂದು ಪುಟ ತಿರುವಬೇಡಿರಿ.

ಕೀಸುಳಿ, ಉಜ್ಜುಗೊರಡು, ತೋಪಡ ಎಂದು ಬೇರೆ ಬೇರೆ ಕಡೆ ಕರೆಯುವ ಈ ಉಪಕರಣದ ಜೀವವೆಲ್ಲ ಅದರ ಎರಡಿಂಚಿನ ಅಲಗಿನಲ್ಲಿದೆ. ಅಲಗು ಮೊಂಡಾದರೆ ಕಟ್ಟಿಗೆ ಹೆರೆಯುವುದಿಲ್ಲ, ಕೀಳುತ್ತದೆ. ನೊಗದ ತಳ ಒರಟಾಗಿ ಉಳಿದರೆ ಅದರ ಶಿಕ್ಷೆ ಎತ್ತಿನ ಹೆಗಲಿಗೆ. ಹೆಗಲು ಬಾತು ಹುಣ್ಣಾದ ಎತ್ತನ್ನು ಹಂಗಾಮಿನಲ್ಲಿ ಕಟ್ಟಿ ನಿಲ್ಲಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲು ಎಲ್ಲರಿಗೂ ಗೊತ್ತು. ಅರಗಿನ ಬಣ್ಣ ಕೂರಬೇಕಾದರೆ ಕೆಳಗಿನ ಸಾಗವಾನಿ ಹಲಗೆ ನುಣುಪಾಗಿರಲೇಬೇಕು. ಸಾಗವಾನಿಯಲ್ಲಿ ಸಿಲಿಕಾ ಎಂಬ ಮರಳಿನಂಥ ಅಂಶವಿರುವುದರಿಂದ ಅದು ಅಲಗಿನ ಬಾಯನ್ನು ಬೇಗ ತಿನ್ನುತ್ತದೆ. ನಮ್ಮ ಒಕ್ಕಲುತನದ ಸಾಮಾನಿಗೆ ಬಳಸುವ ಜಾಲಿಯಂತೂ ಗಟ್ಟಿತನಕ್ಕೇ ಹೆಸರಾದದ್ದು. ಹೀಗಿದ್ದೂ ಪೇಟೆಯಲ್ಲಿ ಅಗ್ಗಕ್ಕೆ ಸಿಕ್ಕ ಅಲಗನ್ನೇ ತಂದು, ದಿನಕ್ಕೆ ಹತ್ತು ಸಲ ಸಾಣೆ ಹಿಡಿಯುತ್ತ ಕೂರುವುದು ನಡೆದೇ ಇದೆ. ಕರೆಂಟಿನ ರಂಧಾ ಇಟ್ಟವರಿಗೂ ಕೊನೆಯ ನಯಗೆಲಸಕ್ಕೆ ಕೈರಂಧಾ ತಪ್ಪಿಲ್ಲ.

ಒಳ್ಳೆಯ ಅಲಗುಗಳು ಇಲ್ಲವೆಂದಲ್ಲ. ಕೈಉಪಕರಣಗಳಿಗೆ ಪಂಜಾಬಿನ ಜಲಂಧರ, ರಾಜಸ್ಥಾನದ ನಾಗೌರ ಹೆಸರಾದ ಊರುಗಳು. ಆದರೆ ಒಂದೆರಡು ಅಲಗಿಗಾಗಿ ಅಲ್ಲಿಯವರು ಬೇಕಾದ ಅಳತೆ ಮಾಡಿಕೊಡುವುದಿಲ್ಲ. ಕೊಟ್ಟರೂ ಸಾಗಾಣಿಕೆ ವೆಚ್ಚವೇ ಭಾರವಾಗುತ್ತದೆ. ನಾಲ್ಕಾರು ಹಳ್ಳಿಯ ಬಡಿಗರು ಕೂಡಿ ಮೂವತ್ತು ನಲವತ್ತು ಅಲಗು ಕೇಳಿದರೆ ಮಾತು ಬೇರೆ.

ಯಾವ ಉಕ್ಕು ಕೇಳಬೇಕು? ಸಾದಾ ಹೆಚ್ಚು ಇಂಗಾಲದ ಉಕ್ಕು ಬೇಗ ಹರಿತವಾಗುತ್ತದೆ, ಜಾಲಿಯ ಮೇಲೆ ಬೇಗ ಮೊಂಡೂ ಆಗುತ್ತದೆ. ಶೇಕಡಾ 12ರಷ್ಟು ಕ್ರೋಮಿಯಂ ಇರುವ ಡಿ-2 ಎಂಬ ಉಕ್ಕು ಬಹಳ ಹೊತ್ತು ಬಾಳುತ್ತದೆ, ಆದರೆ ನಮ್ಮ ಸಾದಾ ಸಾಣೆಕಲ್ಲಿಗೆ ಬಗ್ಗುವುದಿಲ್ಲ. ಇವೆರಡರ ನಡುವಿನದು ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಓ-1 ಎಂಬ ಉಕ್ಕು. ಹಳ್ಳಿಯ ಕೆಲಸಕ್ಕೆ ಇದೇ ಮೇಲೆಂದು ನಮ್ಮ ಅಭಿಪ್ರಾಯ. ಗಟ್ಟಿತನ ರಾಕ್‌ವೆಲ್ ಮಾಪನದಲ್ಲಿ 58ರಿಂದ 62ರೊಳಗೆ ಇರಬೇಕೆಂದು ಬೇಡಿಕೆಯ ಪತ್ರದಲ್ಲಿಯೇ ಬರೆಯಿರಿ. ಲಾರಿಯ ಪಾಟಾ ತುಂಡಿನಿಂದ ಕಂಬಾರರು ಮಾಡಿಕೊಡುವ ಅಲಗು ಬಾಚಿಗೆ, ಕುಡುಗೋಲಿಗೆ ಸರಿ. ರಂಧಾಕ್ಕೆ ಅದರಲ್ಲಿ ಇಂಗಾಲ ಸಾಲದು.

ಇನ್ನು ಅಳತೆ. ಎಡವಟ್ಟು ಹೆಚ್ಚಾಗಿ ಆಗುವುದು ಇಲ್ಲಿಯೇ. ಕಬ್ಬಿಣದ ರಂಧಾಗಳ ಅಲಗು ಸಾಮಾನ್ಯವಾಗಿ 50 ಅಥವಾ 60 ಮಿಲಿಮೀಟರ್ ಅಗಲ. ಆದರೆ ಅಜ್ಜನ ಕಾಲದ ಮರದ ರಂಧಾಗಳನ್ನು ಆಯಾ ಬಡಿಗರೇ ಕೊರೆದದ್ದರಿಂದ ಒಂದರ ಬಾಯಿ ಇನ್ನೊಂದರಂತಿಲ್ಲ. ಆದಕಾರಣ ಬರೇ ‘ಎರಡಿಂಚಿನದು’ ಎಂದು ಬರೆದುಕೊಳ್ಳದೆ, ಪ್ರತಿಯೊಬ್ಬರ ಅಲಗನ್ನೂ ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯಿರಿ. ನಡುವಿನ ಸೀಳು ಎಲ್ಲಿ ಸುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನೂ ತೋರಿಸಿರಿ. ದಪ್ಪವನ್ನು ಬಾಯಿಯ ಹತ್ತಿರ ಒಮ್ಮೆ, ತಲೆಯ ಹತ್ತಿರ ಒಮ್ಮೆ ಅಳೆಯಿರಿ. ಹಳೆಯ ಮರದ ರಂಧಾದ ಅಲಗು ಎಷ್ಟೋ ಸಲ ಬಾಯಿಯ ಕಡೆ ದಪ್ಪ, ತಲೆಯ ಕಡೆ ತೆಳುವಾಗಿರುತ್ತದೆ. ಬೆಣೆ ಬಿಗಿಯಾಗಿ ಕಚ್ಚುವುದು ಅದರಿಂದಲೇ. ಅಲ್ಲಿ ಎರಡೂ ಕಡೆ ಸಮ ದಪ್ಪದ ಹೊಸ ಅಲಗು ಹಾಕಿದರೆ ಬೆಣೆ ಸಡಿಲವಾಗುತ್ತದೆ, ಬೇರೆ ಬೆಣೆ ಕೆತ್ತಬೇಕಾಗುತ್ತದೆ. ಅಲಗು ಮೊದಲಿನದಕ್ಕಿಂತ ದಪ್ಪವಾದರೆ ರಂಧಾದ ಬಾಯನ್ನೂ ಕಾನಸಿನಿಂದ ಸ್ವಲ್ಪ ತಿದ್ದಬೇಕು. ಇದನ್ನೆಲ್ಲ ಮೊದಲೇ ತಿಳಿಸಿದರೆ ಅಲಗು ಬಂದ ದಿನ ಜಗಳ ಇರುವುದಿಲ್ಲ.

ಕೂಡಿ ಕೊಳ್ಳುವ ವಿದ್ಯೆ ನಮಗೆ ಹೊಸದಲ್ಲ. 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್‌ನಲ್ಲಿ ಬಡ ನೇಕಾರರೇ ಮೊದಲಾದ 28 ಮಂದಿ ಸೇರಿ ಹಿಟ್ಟು, ಬೆಣ್ಣೆ, ಸಕ್ಕರೆಯ ಅಂಗಡಿ ಇಟ್ಟದ್ದು ಜಗತ್ತಿಗೆಲ್ಲ ಮಾದರಿಯಾಯಿತು. 1904ರ ಕಾಯಿದೆಯ ಬೆನ್ನಲ್ಲೇ, 1905ರಲ್ಲಿ, ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರಿ ಸಂಘವು ದೇಶಕ್ಕೇ ಮೊದಲನೆಯದೆಂದು ಹೆಸರಾಗಿದೆ. ಆಗ ಅದು ಧಾರವಾಡ ಜಿಲ್ಲೆಯ ಊರು, 1997ರಿಂದ ಗದಗ ಜಿಲ್ಲೆಗೆ ಸೇರಿದೆ, ಅಣ್ಣಿಗೇರಿಯವರಿಗೆ ನೆರೆಹೊರೆಯೇ. ಆ ಮೊದಲ ಕಾಯಿದೆ ಸಾಲದ ಸಂಘಗಳಿಗಷ್ಟೇ ಇತ್ತು. ಕೂಡಿ ಕೊಳ್ಳುವ, ಮಾರುವ ಸಂಘಗಳಿಗೂ ಕಾಯಿದೆಯಲ್ಲಿ ಎಡೆ ದೊರೆತದ್ದು 1912ರಲ್ಲಿ. ಒಂದು ಸಲದ ಅಲಗಿನ ಖರೀದಿಗೆ ನೀವು ಸಂಘವನ್ನೇ ನೋಂದಾಯಿಸಬೇಕಾಗಿಲ್ಲ. ಆದರೆ ಸಂಘದ ಶಿಸ್ತು ಮಾತ್ರ ಇರಲೇಬೇಕು.

ಹಣದ ವಿಷಯದಲ್ಲಿ ಮುಲಾಜು ಬೇಡ. ಎಷ್ಟೋ ಊರಲ್ಲಿ ಇಂಥ ಕೆಲಸ ಕೆಡುವುದು ಕಳ್ಳತನದಿಂದಲ್ಲ, ‘ನಮ್ಮವನೇ, ಕೊಟ್ಟಾನು’ ಎಂಬ ಸಲಿಗೆಯಿಂದ. ಒಬ್ಬರು ಹಣ ಹಿಡಿಯಲಿ, ಇನ್ನೊಬ್ಬರು ಲೆಕ್ಕ ಬರೆಯಲಿ. ಇಬ್ಬರೂ ಒಂದೇ ಮನೆಯವರಾಗಿರಬಾರದು. ಇಬ್ಬರ ಜಂಟಿ ಸಹಿಯ ಬ್ಯಾಂಕ್ ಖಾತೆ ಇದ್ದರೆ ಇನ್ನೂ ಒಳ್ಳೆಯದು. ಫೋನಿನಲ್ಲಿ ಕಳಿಸಿದ ಹಣವನ್ನೂ ವಹಿಯಲ್ಲಿ ಹೆಸರು, ತಾರೀಖು ಸಹಿತ ಬರೆಯಬೇಕು. ಅರ್ಧ ಹಣ ಮುಂಗಡ ಕೊಡದವರ ಹೆಸರನ್ನು ಪಟ್ಟಿಯಲ್ಲಿ ಹಿಡಿಯಬೇಡಿರಿ, ಬೀಗನಾದರೂ ಸರಿ. ಆಯದ ಕಾಳು ಸುಗ್ಗಿಗೆ ಬರುವುದರಿಂದ ಬೇಸಿಗೆಯಲ್ಲಿ ಬಡಿಗನ ಕೈ ಬರಿದಾಗಿರುವುದುಂಟು. ಅವನಿಂದ ಕೆಲಸ ಮಾಡಿಸಿಕೊಳ್ಳುವ ನಾಲ್ಕು ಮನೆಯ ರೈತರು ಒಂದು ಅಲಗಿನ ಹಣವನ್ನು ಮುಂಗಡವಾಗಿ ಕೊಟ್ಟು ಮುಂದೆ ಆಯದಲ್ಲಿ ಮುರಿದುಕೊಂಡರೆ ಇಬ್ಬರಿಗೂ ಹಗುರ.

ಲೆಕ್ಕಕ್ಕಾಗಿ ಒಂದು ಅಲಗಿಗೆ 400 ರೂಪಾಯಿ ಎಂದಿಟ್ಟುಕೊಳ್ಳಿರಿ. ಹನ್ನೆರಡು ಮಂದಿ ಸೇರಿ 30 ಅಲಗು ತರಿಸಿದರೆ 12,000. ಸಾಗಾಣಿಕೆಗೆ 600 ಹಿಡಿದರೆ ಅಲಗಿಗೆ 20 ರೂಪಾಯಿ ಬಿತ್ತು. ಇದನ್ನು ತಲೆಗೆ ಹಂಚದೆ ಅಲಗಿಗೆ ಹಂಚಿರಿ. ಒಂದು ತರಿಸಿದವನೂ ಐದು ತರಿಸಿದವನೂ ಸಮ ತೆರುವುದು ನ್ಯಾಯವಲ್ಲ.

ಇಡೀ ಬೇಡಿಕೆ ಕಳಿಸುವ ಮೊದಲು ಎರಡೇ ಅಲಗು ಮಾದರಿಗೆ ತರಿಸಿರಿ. ಬಾಯಿಯ ಪಕ್ಕದ ಅಂಚಿನ ಮೇಲೆ ಹೊಸ ಕಾನಸು ಎಳೆದು ನೋಡಿರಿ. ಜಾರಿದರೆ ಗಟ್ಟಿ ಇದೆ, ಕಚ್ಚಿದರೆ ಮೆತ್ತಗಿದೆ. ತಲೆಯ ಕಡೆ ಪರೀಕ್ಷಿಸಿ ಮೋಸ ಹೋಗಬೇಡಿರಿ, ಎಷ್ಟೋ ಅಲಗುಗಳಿಗೆ ಆ ಭಾಗಕ್ಕೆ ಹದವೇ ಹಾಕಿರುವುದಿಲ್ಲ. ಆಮೇಲೆ ಅನುಭವಸ್ಥ ಬಡಿಗರೊಬ್ಬರ ಕೈಗೆ ಕೊಟ್ಟು ಒಂದೇ ಜಾಲಿ ತುಂಡಿನ ಮೇಲೆ ಹಳೆಯದನ್ನೂ ಹೊಸದನ್ನೂ ಓಡಿಸಿ, ಮೊಂಡಾಗುವವರೆಗಿನ ಎಳೆತ ಎಣಿಸಿರಿ. ಬಾಯಿ ಚೂರು ಚೂರಾಗಿ ಹಾರಿದರೆ ಹದ ಬಿರುಸಾಯಿತು, ಮಡಿಚಿಕೊಂಡರೆ ಮೆತ್ತಗಾಯಿತು. ಎರಡೂ ಸಲ್ಲದು. ಕೆಟ್ಟ ಅಲಗನ್ನು ಎಷ್ಟು ದಿನದೊಳಗೆ ಬದಲಿಸಿ ಕೊಡುವರು, ಮರಳಿ ಕಳಿಸುವ ವೆಚ್ಚ ಯಾರದು ಎಂಬುದನ್ನು ಬರಹದಲ್ಲಿ ಪಡೆಯಿರಿ. ತೆರಿಗೆ ಸಹಿತ ಪಕ್ಕಾ ಬಿಲ್ಲು ಇಲ್ಲದೆ ಹಣ ಕೊಡಬೇಡಿರಿ.

ಸೆಪ್ಟೆಂಬರ್ 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನ, ಕಂಬಾರಿಕೆ ಎರಡೂ ಸೇರಿವೆ. ಉಪಕರಣಕ್ಕೆಂದು 15,000 ರೂಪಾಯಿವರೆಗಿನ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲ ಕಂತಿನ ಒಂದು ಲಕ್ಷದವರೆಗಿನ ಸಾಲ ಅದರಲ್ಲಿ ಗೊತ್ತುಪಡಿಸಲಾಗಿತ್ತು. ಹೆಸರು ಹಚ್ಚಿದವರು ತಮ್ಮ ಅರ್ಜಿಯ ಸ್ಥಿತಿಯನ್ನು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಲಿ. ಆದರೆ ಅಜ್ಜನ ರಂಧಾದ ಅಳತೆಗೆ ಸರಿಯಾದ ಅಲಗು ಆ ಪೆಟ್ಟಿಗೆಯಲ್ಲಿ ಬಂದೀತೆಂದು ಕಾಯುತ್ತ ಕೂರುವುದು ಬೇಡ.

ಅಲಗು ಕೈಗೆ ಬಂದ ಮೇಲೆ ಬೆನ್ನಿನ ಕಡೆ, ಬಾಯಿಯ ಹತ್ತಿರದ ಅರ್ಧ ಇಂಚನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಉಜ್ಜಿ ಕನ್ನಡಿಯಂತೆ ಮಾಡಿರಿ. ಇಳಿಜಾರು 25 ಡಿಗ್ರಿ, ತುದಿಯ ಹರಿತ 30 ಡಿಗ್ರಿ ಇರಲಿ. ಕರೆಂಟಿನ ಸಾಣೆಗೆ ಹಿಡಿಯುವವರು ಪಕ್ಕದಲ್ಲಿ ನೀರಿಟ್ಟುಕೊಂಡು ಮೇಲಿಂದ ಮೇಲೆ ಅದ್ದಬೇಕು. ಅಂಚು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅಷ್ಟು ಭಾಗದ ಹದ ಹೋಯಿತು, ಅದನ್ನು ಸವೆಸಿ ತೆಗೆಯದೆ ಗತಿಯಿಲ್ಲ. ಯುಗಾದಿಯೊಳಗೆ ಪಟ್ಟಿ, ಮುಂಗಡ ಎರಡನ್ನೂ ಮುಗಿಸಿದರೆ ಮಾದರಿ ನೋಡಿ, ಬೇಡಿಕೆ ಕಳಿಸಿ, ಕೆಟ್ಟದ್ದನ್ನು ಬದಲಿಸಿಕೊಳ್ಳಲು ರೋಹಿಣಿಯವರೆಗೆ ಸಾಕಷ್ಟು ವೇಳೆ ಸಿಗುತ್ತದೆ.